ಭತ್ತದ ಹದ

ರಾಗಿ, ಜೋಳ, ಗೋಧಿಗಳು ಬೀಸುವ ಕಲ್ಲಿಗೆ ಬಿದ್ದು ಹಿಟ್ಟಾಗಿ ಊಟಕ್ಕೆ ಬರುತ್ತವೆ. ಅವುಗಳ ಕಾಳು ಮೊದಲೇ ಒಡೆದಿದ್ದರೂ ರೊಟ್ಟಿಗೆ, ಮುದ್ದೆಗೆ ಕೊರತೆಯಾಗದು. ಅಕ್ಕಿಯ ಕತೆ ಬೇರೆ. ಅದು ತಟ್ಟೆಗೆ ಕಾಳಾಗಿಯೇ ಬರಬೇಕು, ಅನ್ನ ಬಿಡಿಬಿಡಿಯಾಗಿ ಅರಳಬೇಕು. ಮುರಿದ ಕಾಳಿಗೆ ನುಚ್ಚು, ಕಡಿ ಎಂಬ ಬೇರೆಯ ಹೆಸರು, ಬೇರೆಯ ಬೆಲೆ. ಅದರಿಂದ ಗಂಜಿ, ಕಡುಬು, ಪುಂಡಿ ಆದೀತು. ಮದುವೆಮನೆಯ ಅನ್ನ ಆಗದು. ಒಂದೇ ಗದ್ದೆಯ, ಒಂದೇ ತಳಿಯ ಭತ್ತದ ಎರಡು ಮೂಟೆಗಳಲ್ಲಿ ಒಂದು ಮುತ್ತಿನಂಥ ಅಕ್ಕಿ ಕೊಟ್ಟು ಇನ್ನೊಂದು ಅರ್ಧಕ್ಕರ್ಧ ನುಚ್ಚಾದಾಗ ದೂರು ಬೀಳುವುದು ಗಿರಣಿಯ ಮೇಲೆ. ಆದರೆ ನುಚ್ಚಾಗುವ ಕಾಳಿನಲ್ಲಿ ಬಹುಪಾಲು ಗಿರಣಿಯ ಬಾಗಿಲು ತಲುಪುವ ಮೊದಲೇ ಒಳಗೊಳಗೆ ಸೀಳಿರುತ್ತದೆ. ಸೀಳಿದ್ದು ನೀರು. ಕೊಯ್ಲಿನಿಂದ ಕುಟ್ಟುವವರೆಗೆ ಕಾಳಿನೊಳಗಿನ ನೀರನ್ನು ಹೇಗೆ ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅರಿವನ್ನು ಕನ್ನಡದ ಒಕ್ಕಲು ಮನೆಗಳು ‘ಹದ’ ಎಂಬ ಎರಡಕ್ಷರದಲ್ಲಿ ಹಿಡಿದಿಟ್ಟಿವೆ. ಆ ಹದಕ್ಕೆ ಒಂದು ಚರಿತ್ರೆಯಿದೆ.

ತೆನೆ ಬಾಗಿ ಹೊಂಬಣ್ಣಕ್ಕೆ ತಿರುಗಿದ ಭತ್ತದಲ್ಲಿ ತೂಕದ ಶೇ. 20ರಿಂದ 24ರಷ್ಟು ನೀರಿರುತ್ತದೆ. ಕೊಯ್ಲಿಗೆ ಇದೇ ಒಳ್ಳೆಯ ಹೊತ್ತು. ಇದಕ್ಕಿಂತ ಮುಂಚೆ ಕೊಯ್ದರೆ ಎಳೆಯ, ಸುಣ್ಣದಂತೆ ಬೆಳ್ಳಗಿನ ಕಾಳುಗಳು ಹೆಚ್ಚಾಗಿ ಅವು ಗಿರಣಿಯಲ್ಲಿ ಪುಡಿಯಾಗುತ್ತವೆ. ತಡಮಾಡಿದರೆ ಕಾಳು ಪೈರಿನ ಮೇಲೆಯೇ ಹಗಲು ಒಣಗಿ, ರಾತ್ರಿಯ ಇಬ್ಬನಿ ಕುಡಿದು, ಮರುದಿನ ಮತ್ತೆ ಒಣಗಿ ಒಳಗೆ ಬಿರುಕು ಬಿಡುತ್ತದೆ. ಕೊಯ್ದ ಮೇಲೆ ಈ ನೀರನ್ನು ಶೇ. 14ರ ಸುಮಾರಿಗೆ ಇಳಿಸಬೇಕು. ಅಕ್ಕಿ ಮಾಡಲು ತಕ್ಕ ಹದ ಅದೇ, ತಿಂಗಳುಗಟ್ಟಲೆ ಇಡಲೂ ಅದೇ. ಶೇ. 16 ದಾಟಿದ ಕಾಳು ಮೆತ್ತಗಿದ್ದು ತೌಡು ಸರಿಯಾಗಿ ಬಿಡದೆ ಅಂಟುತ್ತದೆ, ಶೇ. 12ಕ್ಕಿಂತ ಕೆಳಗಿಳಿದದ್ದು ಪೆಡಸಾಗಿ ಮುರಿಯುತ್ತದೆ. ನಡುವಿನ ಈ ಕಿರಿದಾದ ಪಟ್ಟಿಯನ್ನು ಅಳತೆಯ ಯಂತ್ರಗಳಿಲ್ಲದ ಕಾಲದಲ್ಲಿ ಹಿಡಿದದ್ದು ಹಲ್ಲು, ಕಿವಿ ಮತ್ತು ಅಂಗೈ. ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿದಾಗ ‘ಕಟ್’ ಎಂದು ಎರಡಾದರೆ ಒಣಗಿದೆ ಎಂದು ಅರ್ಥ; ನುಗ್ಗಿ ಚಪ್ಪಟೆಯಾದರೆ ಇನ್ನೂ ಬಿಸಿಲು ಬೇಕು. ಅಂಗಳದಲ್ಲಿ ಹರವಿದ ಭತ್ತದ ಮೇಲೆ ಕಾಲಾಡಿಸಿದಾಗ ಏಳುವ ಸದ್ದೂ ದಿನದಿಂದ ದಿನಕ್ಕೆ ಬೇರೆಯಾಗುತ್ತದೆ. ಹಸಿ ಭತ್ತ ಮಂದವಾಗಿ ಸರಿಯುತ್ತದೆ, ಒಣಗಿದ್ದು ಜರಜರ ಎನ್ನುತ್ತದೆ.

ಹಳೆ ಮೈಸೂರಿನ ಕೆರೆಯ ಕೆಳಗಣ ಗದ್ದೆಗಳಲ್ಲಿ ಕೊಯ್ಲು ಬಹುಮಟ್ಟಿಗೆ ಚಳಿಗಾಲದ ಬಾಯಲ್ಲಿ. ಅಲ್ಲಿನ ಕ್ರಮ ಹೀಗಿತ್ತು: ಕುಡುಗೋಲಿನಿಂದ ಕೊಯ್ದ ಪೈರನ್ನು ಅರಿ ಹಾಕಿ ಗದ್ದೆಯಲ್ಲೇ ಕೆಲವು ದಿನ ಬಿಡುವುದು, ಆಮೇಲೆ ಹೊರೆ ಕಟ್ಟಿ ಕಣಕ್ಕೆ ತಂದು ಮೆದೆ ಒಟ್ಟುವುದು, ಮೆದೆಯಲ್ಲಿ ಹಲವು ದಿನ ಇಟ್ಟು ಬಳಿಕ ಎತ್ತು ಕಟ್ಟಿ ತುಳಿಸುವುದು ಇಲ್ಲವೇ ರೋಣಗಲ್ಲು ಉರುಳಿಸುವುದು. ಮೆದೆಯನ್ನು ಒಟ್ಟುವಾಗ ತೆನೆ ಒಳಮುಖ, ಬುಡ ಹೊರಮುಖ. ಇದನ್ನು ಹಕ್ಕಿ, ದನ, ಮಳೆಗಳ ಕಾಟ ತಪ್ಪಿಸುವ ಉಪಾಯ ಎಂದು ಮಾತ್ರ ಓದಿದರೆ ಅರ್ಧ ಓದಿದಂತೆ. ಒಳಗೆ ಸೇರಿದ ತೆನೆಗೆ ಹಗಲಿನ ನೇರ ಬಿಸಿಲೂ ತಾಗದು, ರಾತ್ರಿಯ ಇಬ್ಬನಿಯೂ ತಾಗದು. ಹೆಚ್ಚು ಒಣಗಿದ ಕಾಳಿನಿಂದ ಕಡಿಮೆ ಒಣಗಿದ ಕಾಳಿನವರೆಗೆ, ಕಾಳಿನ ಮೈಯಿಂದ ನಡುವಿನವರೆಗೆ, ನೀರು ನಿಧಾನವಾಗಿ ಸಮವಾಗುತ್ತದೆ. ಇಂದಿನ ಒಣಗಿಸುವ ಯಂತ್ರಗಳಲ್ಲಿ ಎರಡು ಸುತ್ತಿನ ನಡುವೆ ಭತ್ತಕ್ಕೆ ಕೊಡುವ ವಿಶ್ರಾಂತಿಯೂ ಇದೇ ಕೆಲಸವನ್ನು ಮಾಡುತ್ತದೆ.

ಮೆದೆಗೆ ಹೋಗುವ ಮುಂಚಿನ ಗದ್ದೆಯ ದಿನಗಳೇ ಈ ಕ್ರಮದ ಬಿಗಿ ಇಲ್ಲದ ಕೊಂಡಿ. ಪೈರನ್ನು ಅರಿಯಲ್ಲಿ ಬಿಡುವುದು ಕಾಳಿಗಿಂತ ಹುಲ್ಲಿಗಾಗಿ. ಹಸಿ ಹುಲ್ಲು ಬಣವೆಯಲ್ಲಿ ಕೊಳೆಯುತ್ತದೆ, ತುಳಿತಕ್ಕೂ ಒದಗದು. ವರ್ಷವಿಡೀ ದನ ಸಾಕಬೇಕಾದ ಮನೆಗೆ ಹುಲ್ಲು ಅಕ್ಕಿಯಷ್ಟೇ ಬೆಲೆಯುಳ್ಳದ್ದು. ಆದರೆ ನೆಲದ ಮೇಲೆ ಮಲಗಿದ ತೆನೆ ಮೂರು ಹಗಲು ಒಣಗಿ ಮೂರು ರಾತ್ರಿ ಇಬ್ಬನಿ ಕುಡಿದರೆ ಕಾಳಿಗೆ ಆಗುವ ಪೆಟ್ಟು ದೊಡ್ಡದು. ಅದು ಹೊಟ್ಟಿನೊಳಗೆ ಅಡಗಿರುವುದರಿಂದ ಕಣ್ಣಿಗೆ ಕಾಣದು, ಒನಕೆ ಬಿದ್ದಾಗಲೇ ಗೊತ್ತಾಗುವುದು. ಮೆದೆಗೂ ತನ್ನದೇ ಅಪಾಯವಿತ್ತು. ಹಸಿ ಹೊರೆಗಳನ್ನು ಒಟ್ಟಿದರೆ ಒಳಗೆ ಬಿಸಿಯೇರಿ ಕಾಳು ಮುಗ್ಗುತ್ತದೆ, ಅಕ್ಕಿ ಹಳದಿಗೆ ತಿರುಗುತ್ತದೆ. ಹುಲ್ಲಿಗೆ ಬೇಕಾದ ಬಿಸಿಲು, ಕಾಳಿಗೆ ಬೇಡವಾದ ಇಬ್ಬನಿ, ಮೆದೆಗೆ ಸಲ್ಲದ ಹಸಿ, ಈ ಮೂರನ್ನೂ ತೂಗಿಸಿ ದಿನ ಗೊತ್ತುಮಾಡುತ್ತಿದ್ದದ್ದು ಒಕ್ಕಲಿಗನ ಅನುಭವ.

ಪಶ್ಚಿಮ ಘಟ್ಟದ ಕೆಳಗೆ ಲೆಕ್ಕವೇ ಬೇರೆ. ಕರಾವಳಿಯ ದೊಡ್ಡ ಬೆಳೆ ಏಣೆಲು. ಮುಂಗಾರಿನ ಮೊದಲಿಗೆ ನೆಟ್ಟದ್ದು ಕೊಯ್ಲಿಗೆ ಬರುವ ಹೊತ್ತಿಗೆ ಆಕಾಶ ಇನ್ನೂ ಪೂರ್ತಿ ತಿಳಿಯಾಗಿರುವುದಿಲ್ಲ. ಮಳೆ ನಿಂತ ದಿನವೂ ಗಾಳಿಯಲ್ಲಿ ನೀರು ತುಂಬಿರುತ್ತದೆ. ಭತ್ತ ಗಾಳಿಯೊಂದಿಗೆ ಸದಾ ನೀರಿನ ಕೊಡುಕೊಳ್ಳುವಿಕೆ ನಡೆಸುವ ಕಾಳು: ಗಾಳಿಯ ಆರ್ದ್ರತೆ ಶೇ. 70ರ ಆಸುಪಾಸಿನಲ್ಲಿದ್ದರೆ ಅದು ಶೇ. 13–14ಕ್ಕೆ ಇಳಿದು ನಿಲ್ಲುತ್ತದೆ, ಆರ್ದ್ರತೆ ಶೇ. 90 ಆದರೆ ಎಷ್ಟು ದಿನ ಹರವಿಟ್ಟರೂ ಶೇ. 17–18ಕ್ಕಿಂತ ಕೆಳಗೆ ಬರಲೊಲ್ಲದು. ಕರಾವಳಿಯ ಏಣೆಲಿನ ಅಂಗಳದಲ್ಲಿ ಭತ್ತ ಒಣಗಿಸುವುದೆಂದರೆ ಮೋಡದೊಂದಿಗೆ ಪಂದ್ಯ ಕಟ್ಟಿದಂತೆ. ಹರವಿದ ಚಾಪೆಯನ್ನು ಹನಿ ಬಿದ್ದೊಡನೆ ಮಡಚಿ, ಬಿಸಿಲು ಬಂದೊಡನೆ ಬಿಡಿಸಿ, ಹೀಗೆ ನಾಲ್ಕು ದಿನ ಆಡಿಸಿದ ಭತ್ತವನ್ನು ಬೇಯಿಸದೆ ಹಾಗೆಯೇ ಕುಟ್ಟಿದರೆ ಕೈಗೆ ಸಿಗುವುದು ಬಹುಪಾಲು ನುಚ್ಚು.

ಇದಕ್ಕೆ ಈ ನಾಡು ಕಂಡುಕೊಂಡ ಉತ್ತರ ಕುಚ್ಚಲಕ್ಕಿ. ಕುಚ್ಚು ಎಂದರೆ ಕುದಿಸು. ಭತ್ತವನ್ನು ನೆನೆಹಾಕಿ, ಹಂಡೆಯಲ್ಲಿ ಬಾಯಿ ಬಿಡುವ ತನಕ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದ ಅಕ್ಕಿ ಇದು. ಬೇಯಿಸದೆ ಮಾಡಿದ ಬಿಳಿಯಕ್ಕಿಗೆ ಇಲ್ಲಿ ಬೆಳ್ತಿಗೆ ಎಂದು ಹೆಸರು. ಒದ್ದೆ ಭತ್ತವನ್ನು ಇನ್ನಷ್ಟು ಒದ್ದೆ ಮಾಡುವ ಈ ದಾರಿ ಮೊದಲ ನೋಟಕ್ಕೆ ವಿಚಿತ್ರ ಅನ್ನಿಸಬಹುದು. ಆದರೆ ಒಳಗೆ ನಡೆಯುವ ಕೆಲಸ ಬೇರೆಯೇ. ನೆನೆದ ಕಾಳು ತೂಕದ ಶೇ. 30ರಷ್ಟು ನೀರು ಹಿಡಿಯುತ್ತದೆ, ಶಾಖ ತಗಲಿದಾಗ ಅದರ ಪಿಷ್ಟ ಉಬ್ಬಿ ಅಂಟಿನಂತಾಗಿ ಕಾಳಿನೊಳಗಿನ ಸಂದುಗಳನ್ನೆಲ್ಲ ತುಂಬುತ್ತದೆ. ಬಿಸಿಲು, ಇಬ್ಬನಿ, ಮಳೆಗಳಿಂದ ಆಗಿದ್ದ ಬಿರುಕುಗಳು ಬೆಸೆದುಕೊಳ್ಳುತ್ತವೆ. ಒಣಗಿದ ಮೇಲೆ ಕಾಳು ಗಾಜಿನಂತೆ ಪಾರಕವಾಗಿ, ಒನಕೆಯ ಪೆಟ್ಟು ತಾಳುವಷ್ಟು ಗಟ್ಟಿಯಾಗುತ್ತದೆ. ಹೊಟ್ಟಿನ ಹೊಲಿಗೆ ಮೊದಲೇ ಬಿಟ್ಟಿರುವುದರಿಂದ ಸಿಪ್ಪೆಯೂ ಸುಲಭವಾಗಿ ಕಳಚುತ್ತದೆ. ಮಳೆಗೆ ಸಿಕ್ಕು ಕೆಡಬೇಕಾಗಿದ್ದ ಬೆಳೆಯನ್ನು ಹೀಗೆ ಅನ್ನಕ್ಕೆ ಉಳಿಸಿಕೊಟ್ಟ ಈ ಪದ್ಧತಿ ಕರಾವಳಿಯ ಅಡುಗೆಮನೆಯ ದೊಡ್ಡ ಸಾಧನೆಗಳಲ್ಲೊಂದು. ರುಚಿಯ ಚರ್ಚೆಯಲ್ಲಿ ಕುಚ್ಚಲಕ್ಕಿ ಗಂಜಿಗೆ ಸಲ್ಲುವ ಮೆಚ್ಚುಗೆ ಅದರ ಹಿಂದಿನ ಈ ಕೌಶಲಕ್ಕೂ ಸಲ್ಲಬೇಕು.

ಅಕ್ಕಿಯ ಹದಕ್ಕೆ ಕರಾವಳಿಯಲ್ಲಿ ಇನ್ನೊಂದು ಒತ್ತಡವೂ ಇತ್ತು. ದಕ್ಷಿಣ ಕನ್ನಡದಲ್ಲಿ ಗೇಣಿಯ ಲೆಕ್ಕ ನಡೆಯುತ್ತಿದ್ದದ್ದು ಅಕ್ಕಿ ಮುಡಿಗಳಲ್ಲಿ. ಒಡೆಯನ ಮನೆಗೆ ಭತ್ತದ ಬದಲು ಅಕ್ಕಿಯೇ ಹೋಗಬೇಕಾದಾಗ ನುಚ್ಚಿನ ನಷ್ಟವೆಲ್ಲ ಒಕ್ಕಲಿನ ಪಾಲಿಗೆ. ಹದ ತಪ್ಪಿ ಒಡೆದ ಒಂದೊಂದು ಸೇರೂ ಒಕ್ಕಲಿನ ಮನೆಯ ಗಂಜಿ ಪಾತ್ರೆಗೆ ಇಳಿಯುತ್ತಿತ್ತು, ಇಡಿಯಕ್ಕಿ ಮುಡಿಗೆ ಹೋಗುತ್ತಿತ್ತು. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಗೇಣಿಯನ್ನು ಕೊನೆಗಾಣಿಸುವವರೆಗೆ ಭತ್ತದ ಹದಕ್ಕೂ ಮನೆಯ ಹಸಿವಿಗೂ ಹೀಗೊಂದು ನೇರ ನಂಟಿತ್ತು.

ಮುಡಿ ಎಂಬುದು ಅಳತೆಯೂ ಹೌದು, ವಸ್ತುವೂ ಹೌದು. ಒಣಹುಲ್ಲನ್ನು ಹರವಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ತುದಿಗಳನ್ನು ಮೇಲಕ್ಕೆ ಸೇರಿಸಿ, ಹುರಿಮಾಡಿದ ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದ ಗುಂಡಗಿನ ಗಂಟು ಅದು. ಸಾಮಾನ್ಯ ಲೆಕ್ಕದಲ್ಲಿ 42 ಸೇರಿಗೆ ಒಂದು ಮುಡಿ, ಊರಿಂದ ಊರಿಗೆ ಅಳತೆಯಲ್ಲಿ ಹೆಚ್ಚುಕಡಿಮೆ ಇತ್ತು. ಮುಡಿ ಕಟ್ಟುವುದು ಎಲ್ಲರಿಗೂ ಬರುವ ಕೆಲಸವಾಗಿರಲಿಲ್ಲ. ಸಡಿಲವಾದರೆ ಹುಳ ಹೊಗುತ್ತದೆ, ಹುಲ್ಲು ತೆಳುವಾದರೆ ಮಳೆಗಾಲದ ಗಾಳಿ ಹೊಗುತ್ತದೆ. ದಪ್ಪನೆಯ ಹುಲ್ಲಿನ ಪದರ ಹೊರಗಿನ ತೇವವನ್ನು ತಾನು ಹೀರಿ ಒಳಗಿನ ಕಾಳಿಗೆ ಬೇಗ ತಾಗಗೊಡದು. ಬಿತ್ತನೆಗೆಂದು ಕಟ್ಟಿದ ಭತ್ತದ ಮುಡಿಗಳು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತಾ ಮುಂದಿನ ಮಳೆಗಾಲದವರೆಗೆ ಕೂರುತ್ತಿದ್ದವು. ಘಟ್ಟದ ಮೇಲಿನ ಮನೆಗಳಲ್ಲಿ ಇದೇ ಕೆಲಸವನ್ನು ಕಣಜ, ಪತ್ತಾಯಗಳು ಮಾಡಿದವು. ನೆಲದಿಂದ ಎತ್ತರಿಸಿದ ಮರದ ತಳ, ಸಗಣಿ ಮಣ್ಣು ಮೆತ್ತಿದ ಗೋಡೆ, ಬಿಗಿಯಾದ ಮುಚ್ಚಳ, ಎಲ್ಲದರ ಗುರಿ ಒಂದೇ: ಒಮ್ಮೆ ಒಣಗಿದ್ದು ಮತ್ತೆ ನೀರು ಕುಡಿಯಬಾರದು.

ಈ ಕರಾವಳಿಯ ಅಕ್ಕಿ ಊರೊಳಗೇ ಉಳಿದದ್ದಲ್ಲ. 16ನೇ ಶತಮಾನದ ಆರಂಭದ ಪೋರ್ಚುಗೀಸ ಬರಹಗಾರ ದುವಾರ್ತೆ ಬಾರ್ಬೋಸ ಭಟ್ಕಳದ ಸುತ್ತಿನ ಬಂದರುಗಳಿಂದ ಹಲವು ಬಗೆಯ ಅಕ್ಕಿ ಹಡಗೇರುತ್ತಿದ್ದುದನ್ನು ದಾಖಲಿಸಿದ್ದಾನೆ. ಬಸರೂರು, ಮಂಗಳೂರು, ಹೊನ್ನಾವರಗಳ ಅಕ್ಕಿ ಮಲಬಾರು, ಗೋವೆಗಳಿಗೂ ಅರಬ್ಬೀ ಸಮುದ್ರದಾಚೆಗೂ ಹೋಗುತ್ತಿತ್ತು. ಉಪ್ಪುಗಾಳಿಯಲ್ಲಿ ವಾರಗಟ್ಟಲೆ ಸಾಗುವ ಸರಕಿಗೆ ಹದ ತಪ್ಪಿದ ಅಕ್ಕಿ ಒದಗುವುದಿಲ್ಲ. ಸಮುದ್ರ ವ್ಯಾಪಾರ ಬೇಡುವ ಒಣಗಿಕೆಯನ್ನು ಆಳುಮಕ್ಕಳ ಕೈಗಳೇ ಅಂಗಳದಲ್ಲಿ ಸಾಧಿಸಬೇಕಾಗಿತ್ತು.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಬರೆದ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮೈಸೂರು ಸೀಮೆಯಲ್ಲೂ ಬೇಯಿಸಿದ ಅಕ್ಕಿ ಮತ್ತು ಹಸಿ ಅಕ್ಕಿ ಎಂಬ ಎರಡು ಬಗೆ ಬಳಕೆಯಲ್ಲಿದ್ದುದನ್ನು ಆತ ಗುರುತಿಸಿದ. ಇಂದು ಕುಚ್ಚಲಕ್ಕಿ ಎಂದರೆ ಕರಾವಳಿ ಎಂಬ ಎಣಿಕೆ ಬಲವಾಗಿದ್ದರೂ ಇನ್ನೂರು ವರ್ಷಗಳ ಹಿಂದೆ ಬಯಲುಸೀಮೆಗೂ ಅದು ಪರಿಚಿತವಾಗಿತ್ತು.

ಕುಟ್ಟುವ ಕೆಲಸ ಪೂರ್ತಿ ಹೆಂಗಸರದ್ದು. ಒರಳಿಗೆ ಸುರಿಯುವ ಮೊದಲು ಆ ದಿನಕ್ಕೆ ಬೇಕಾದಷ್ಟು ಭತ್ತವನ್ನು ಮತ್ತೆ ಸ್ವಲ್ಪ ಬಿಸಿಲಿಗೆ ಹಾಕುವುದು, ಬಿಸಿಲು ಹೆಚ್ಚಾಗದಂತೆ ಎತ್ತಿಕೊಳ್ಳುವುದು, ನೆರಳಲ್ಲಿ ಆರಿದ ಮೇಲೆ ಕುಟ್ಟುವುದು ರೂಢಿ. ಒನಕೆಯ ತುದಿಗೆ ಕಬ್ಬಿಣದ ಬಳೆ. ಇಬ್ಬರು ಎದುರುಬದುರು ನಿಂತು ಸರದಿಯಲ್ಲಿ ಹಾಕುವ ಪೆಟ್ಟಿನಲ್ಲಿ ಕಾಳು ಕಾಳಿಗೆ ಉಜ್ಜಿ ಸಿಪ್ಪೆ ಬಿಡುತ್ತದೆ. ಮೊದಲ ಸುತ್ತಿನಲ್ಲಿ ಉಮಿ, ಎರಡನೆಯದರಲ್ಲಿ ತೌಡು, ಮೊರದಲ್ಲಿ ಕೇರಿ ಬೇರ್ಪಡಿಸಿದ ನುಚ್ಚು. ಪೆಟ್ಟಿನ ಬಲವನ್ನು ಕೈ ತಾನೇ ತಿಳಿದು ಹೆಚ್ಚುಕಡಿಮೆ ಮಾಡುತ್ತಿತ್ತು. ಭತ್ತ ಪೆಡಸಾಗಿದೆ ಅನ್ನಿಸಿದರೆ ಪೆಟ್ಟು ಹಗುರ. ಒಂದೊಂದು ಮಳೆಗಾಲದ, ಒಂದೊಂದು ತಳಿಯ ಭತ್ತಕ್ಕೆ ತಕ್ಕಂತೆ ಹೀಗೆ ಬದಲಾಗುವ ಸೂಕ್ಷ್ಮ ಮುಂದೆ ಬಂದ ಯಾವ ಕಬ್ಬಿಣದ ಯಂತ್ರಕ್ಕೂ ಬಹುಕಾಲ ಒಲಿಯಲಿಲ್ಲ.

ಆ ಯಂತ್ರ ಬಂದದ್ದು ಕಾಫಿಯ ನಾಡಿನಿಂದ. ಬ್ರೆಜಿಲ್‌ನ ಎವರಿಸ್ತೊ ಕೊನ್ರಾಡೊ ಎಂಗೆಲ್‌ಬರ್ಗ್ 1885ರಲ್ಲಿ ಅಲ್ಲಿ ಪೇಟೆಂಟ್ ಪಡೆದ ಸುಲಿಯುವ ಯಂತ್ರವನ್ನು ಮುಂದೆ ಅಮೆರಿಕದ ಸಿರಕ್ಯೂಸ್ ನಗರದ ಕಂಪನಿಯೊಂದು ತಯಾರಿಸಿ ಜಗತ್ತಿಗೆಲ್ಲ ಮಾರಿತು. ಎರಕದ ಕಬ್ಬಿಣದ ಕೊಳವೆಯೊಳಗೆ ಏಣುಗಳುಳ್ಳ ಉರುಳೆ ತಿರುಗುತ್ತದೆ, ಪಕ್ಕದ ಅಲಗು ಭತ್ತವನ್ನು ತಡೆದು ಒತ್ತುತ್ತದೆ, ಕಾಳು ಉಜ್ಜಿಕೊಂಡು ಸಿಪ್ಪೆ, ತೌಡು, ನುಚ್ಚುಗಳೆಲ್ಲ ಕಲೆತು ಹೊರಬೀಳುತ್ತವೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಎಣ್ಣೆ ಎಂಜಿನ್ನಿನ ಜೊತೆ ಈ ‘ಹಲ್ಲರ್’ ದಕ್ಷಿಣ ಭಾರತದ ಪಟ್ಟಣಗಳಿಗೆ, ಬಳಿಕ ಹಳ್ಳಿಗಳಿಗೆ ಹಬ್ಬಿತು. ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಹದ ನೋಡಿ ಪೆಟ್ಟು ತಗ್ಗಿಸುವ ಗುಣ ಅದಕ್ಕಿರಲಿಲ್ಲ. ಒಳಬಿರುಕಿದ್ದ ಬೆಳ್ತಿಗೆ ಭತ್ತವನ್ನು ಅದು ನಿರ್ದಾಕ್ಷಿಣ್ಯವಾಗಿ ನುಚ್ಚು ಮಾಡುತ್ತಿತ್ತು. ಬೇಯಿಸಿದ ಭತ್ತ ಮಾತ್ರ ಅದರ ಒತ್ತಡವನ್ನು ತಾಳಿಕೊಂಡಿತು. ಕುಚ್ಚಲಕ್ಕಿಯ ನಾಡಿನಲ್ಲಿ ಹಲ್ಲರ್ ಅಷ್ಟು ಕಾಲ ನೆಲೆನಿಂತದ್ದಕ್ಕೆ ಇದೊಂದು ಕಾರಣ.

ಗಿರಣಿಯ ಬಿಳಿಯಕ್ಕಿ ಆರೋಗ್ಯದ ಪ್ರಶ್ನೆಯನ್ನೂ ಎಬ್ಬಿಸಿತು. ತೌಡೆಲ್ಲ ಹೋದ ಅಕ್ಕಿಯನ್ನೇ ನೆಚ್ಚಿದವರಲ್ಲಿ ಬೆರಿಬೆರಿ ರೋಗ ಕಾಣಿಸಿಕೊಂಡಿತು. ಜಾವಾದಲ್ಲಿ 1890ರ ದಶಕದಲ್ಲಿ ಕ್ರಿಸ್ತಿಯಾನ್ ಐಕ್‌ಮನ್ ಕೋಳಿಗಳ ಮೇಲೆ ನಡೆಸಿದ ಪ್ರಯೋಗ ಇದರ ಜಾಡು ತೋರಿಸಿತು. ಮಲಯಾದಲ್ಲಿ ಬೇಯಿಸಿದ ಭತ್ತದ ಅಕ್ಕಿ ಉಣ್ಣುತ್ತಿದ್ದ ತಮಿಳು ಕೂಲಿಗಾರರಿಗೆ ಈ ರೋಗ ಅಪರೂಪ, ಬಿಳಿಯಕ್ಕಿ ಉಣ್ಣುತ್ತಿದ್ದ ಚೀನೀಯರಿಗೆ ಹೆಚ್ಚು ಎಂಬುದನ್ನು ಡಬ್ಲ್ಯು.ಎಲ್. ಬ್ರಾಡನ್ 1907ರಲ್ಲಿ ಬರೆದ. ನೆನೆಸಿ ಬೇಯಿಸುವಾಗ ತೌಡಿನ ಪದರದ ಬಿ1 ಜೀವಸತ್ತ್ವ ನೀರಿನೊಂದಿಗೆ ಕಾಳಿನೊಳಕ್ಕೆ ಇಳಿಯುವುದು ಇದಕ್ಕೆ ಕಾರಣ. ನುಚ್ಚಾಗದಿರಲೆಂದು ಹಿಡಿದ ದಾರಿ ತಿಳಿಯದೆಯೇ ಮೈಯನ್ನೂ ಕಾದಿತ್ತು. 1934ರಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಮೂಲಕ ಗಾಂಧೀಜಿ ಕೈಕುಟ್ಟಿನ ಅಕ್ಕಿಯ ಪರ ನಿಂತರು. 1958ರ ಅಕ್ಕಿ ಗಿರಣಿ ಉದ್ಯಮ ನಿಯಂತ್ರಣ ಕಾಯ್ದೆ ಹೊಸ ಗಿರಣಿಗಳಿಗೆ ಪರವಾನಗಿ ಕಡ್ಡಾಯ ಮಾಡಿದ್ದರ ಹಿಂದೆ ಈ ಕೈಕಸುಬನ್ನು ಉಳಿಸುವ ಆಶಯವೂ ಇತ್ತು.

ಕಾಳು ಯಾಕೆ ಸೀಳುತ್ತದೆ ಎಂಬ ಪ್ರಶ್ನೆಗೆ ಪ್ರಯೋಗಶಾಲೆಯ ಉತ್ತರ ಸಿಕ್ಕಿದ್ದು 20ನೇ ಶತಮಾನದಲ್ಲಿ. ಬಹುಕಾಲ ಎಲ್ಲರೂ ಬಿಸಿಲನ್ನೇ ದೂರಿದ್ದರು. ಜಪಾನಿನಲ್ಲಿ ಇಂಥ ಅಡ್ಡಸೀಳಿಗೆ ‘ದೋವಾರೆ’ ಎಂದು ಹೆಸರು. 1930ರಲ್ಲಿ ಕೊಂಡೊ ಮತ್ತು ಒಕಾಮುರಾ ಎಂಬ ವಿಜ್ಞಾನಿಗಳು ಒಣಗುವುದಕ್ಕಿಂತ ಒಣಗಿದ ಕಾಳು ಮತ್ತೆ ತೇವ ಹೀರುವುದೇ ಈ ಸೀಳನ್ನು ಹುಟ್ಟಿಸುತ್ತದೆ ಎಂದು ತೋರಿಸಿದರು. ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿ ಗೆರೋಲ್ಡ್ ಸ್ಟಾಹೆಲ್ 1935ರಲ್ಲಿ ಗದ್ದೆಯಲ್ಲಿ ನಿಂತ ಭತ್ತದ ಸ್ಥಿತಿಗೂ ಗಿರಣಿಯ ನುಚ್ಚಿಗೂ ಇರುವ ನಂಟನ್ನು ಬರೆದ. ಮುಂದೆ 1960, 70ರ ದಶಕಗಳಲ್ಲಿ ಟೆಕ್ಸಸ್‌ನ ಒಟ್ಟೊ ಕುನ್ಸೆ ಈ ವಿಚಾರವನ್ನು ಇನ್ನಷ್ಟು ಬೆಳೆಸಿದ. ಒಣ ಕಾಳಿನ ಮೈ ತೇವ ಕುಡಿದಾಗ ಹೊರಪದರ ಹಿಗ್ಗುತ್ತದೆ; ನಡು ಇನ್ನೂ ಒಣಗಿಯೇ ಇರುತ್ತದೆ. ಹಿಗ್ಗುವ ಹೊರಮೈ ನಡುವನ್ನು ಎರಡೂ ತುದಿಗೆ ಎಳೆಯುತ್ತದೆ. ಎಳೆತ ತಾಳದ ನಡು ಅಡ್ಡಕ್ಕೆ ಸೀಳುತ್ತದೆ. ಹೊಟ್ಟು ಮುಚ್ಚಿಯೇ ಇರುವುದರಿಂದ ಹೊರಗೆ ಗುರುತೇ ಇಲ್ಲ.

ಬಿರುಬಿಸಿಲಿನ ಪಾಲೂ ಇದರಲ್ಲಿದೆ, ಆದರೆ ಜನ ಎಣಿಸಿದ ರೀತಿಯಲ್ಲಲ್ಲ. ಬೇಗ ಒಣಗಿಸಿದಾಗ ಕಾಳಿನ ಮೈ ಒಣಗಿ ನಡು ಹಸಿಯಾಗಿ ಉಳಿಯುತ್ತದೆ. ಒಣಗಿಸುವುದು ನಿಂತ ಮೇಲೆ ನಡುವಿನ ನೀರು ಹೊರಪದರಕ್ಕೆ ಬರತೊಡಗುತ್ತದೆ, ಮೈ ಹಿಗ್ಗುತ್ತದೆ, ನಡು ಕುಗ್ಗುತ್ತದೆ. ಸೀಳು ಹುಟ್ಟುವುದು ಆಗ. ಆದ್ದರಿಂದ ಅಂಗಳದಿಂದ ಎತ್ತುವಾಗ ಗಟ್ಟಿಯಾಗಿ ಕಂಡ ಭತ್ತ ಒಂದೆರಡು ದಿನ ಕಳೆದು ಗಿರಣಿಗೆ ಹೋದಾಗ ನುಚ್ಚಾಗುವುದುಂಟು. ನಡುವೆ ಯಾರೂ ಅದನ್ನು ಮುಟ್ಟಿರುವುದಿಲ್ಲ.

ಈ ವಿಜ್ಞಾನದಲ್ಲಿ ಮೈಸೂರಿಗೆ ದೊಡ್ಡ ಪಾಲಿದೆ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ನೆಲೆಗೊಂಡ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಜನರ ಬಾಯಲ್ಲಿ ಸಿಎಫ್‌ಟಿಆರ್‌ಐ, ತನ್ನ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಿಂದಲೇ ಅಕ್ಕಿಯನ್ನು ಕೈಗೆತ್ತಿಕೊಂಡಿತು. ಗಿರಣಿಯ ಕುಚ್ಚಲಕ್ಕಿಯ ಹಳೆಯ ದೂರು ಅದರ ವಾಸನೆ. ತಣ್ಣೀರಿನ ತೊಟ್ಟಿಯಲ್ಲಿ ಎರಡು ಮೂರು ದಿನ ನೆನೆದ ಭತ್ತ ಹುಳಿತು ನಾರುತ್ತಿತ್ತು. 65–70 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಸಿ ಆವಿ ಹಾಯಿಸುವ ಮೈಸೂರಿನ ವಿಧಾನ ಹುಳಿಯುವುದಕ್ಕೆ ಹೊತ್ತನ್ನೇ ಕೊಡಲಿಲ್ಲ. ಅದು ದೇಶದ ಗಿರಣಿಗಳಲ್ಲಿ ಹರಡಿತು.

ಒಣಗಿಸುವ ಪ್ರಶ್ನೆಯನ್ನು ಬಿಡಿಸಿದವರು ಇದೇ ಸಂಸ್ಥೆಯ ಕೆ.ಆರ್. ಭಟ್ಟಾಚಾರ್ಯ ಮತ್ತು ವೈ.ಎಂ. ಇಂದುಧರಸ್ವಾಮಿ. 1967ರಲ್ಲಿ ಪ್ರಕಟವಾದ ಅವರ ಅಧ್ಯಯನದ ಸಾರ ಇಷ್ಟು: ಬೇಯಿಸಿದ ಭತ್ತದ ತೇವ ಶೇ. 16ರ ಸುಮಾರಿಗೆ ಬರುವವರೆಗೆ ಬೇಗ ಒಣಗಿಸಿದರೂ ಕಾಳಿಗೆ ಪೆಟ್ಟಿಲ್ಲ. ಅಲ್ಲಿಂದ ಕೆಳಗೆ ಒಂದೇ ಉಸಿರಿಗೆ ಒಣಗಿಸಿದರೆ ಒಡೆತ ಒಮ್ಮೆಗೇ ಏರುತ್ತದೆ. ಆ ಹಂತದಲ್ಲಿ ನಿಲ್ಲಿಸಿ, ರಾಶಿ ಮಾಡಿ ಕೆಲವು ಗಂಟೆ ಬಿಟ್ಟು, ಆಮೇಲೆ ಉಳಿದದ್ದನ್ನು ಒಣಗಿಸಿದರೆ ಅಕ್ಕಿ ಇಡಿಯಾಗಿ ಉಳಿಯುತ್ತದೆ. ಅಂಗಳದ ಭತ್ತವನ್ನು ಸಂಜೆಗೆ ರಾಶಿ ಹಾಕಿ ಗೋಣಿ ಮುಚ್ಚಿ ಮರುದಿನ ಮತ್ತೆ ಹರವುತ್ತಿದ್ದ ಮನೆಗಳು ಇದನ್ನು ಅಂಕಿಯಿಲ್ಲದೆ ಮಾಡುತ್ತಿದ್ದವು. ಆದರೆ ಎಲ್ಲಿ ನಿಲ್ಲಿಸಬೇಕೆಂಬುದು ಗಿರಣಿಯ ಟನ್ನುಗಟ್ಟಲೆ ಭತ್ತಕ್ಕೆ ಅಂಕಿಯಾಗಿ ಬೇಕಿತ್ತು, ಅದನ್ನು ಮೈಸೂರು ಕೊಟ್ಟಿತು. ತಳಿಗೂ ಇದರಲ್ಲಿ ಪಾತ್ರವಿದೆ ಎಂಬುದು ಟಿ. ಶ್ರೀನಿವಾಸ್, ಎಂ.ಕೆ. ಭಾಷ್ಯಂ, ಎಂ. ಮಹದೇವಪ್ಪ, ಎಚ್.ಎಸ್.ಆರ್. ದೇಶಿಕಾಚಾರ್ ಅವರ 1977ರ ಅಧ್ಯಯನದಲ್ಲಿ ಸ್ಪಷ್ಟವಾಯಿತು. ಒಂದೇ ಬಗೆಯ ನೆನೆತಕ್ಕೆ ಕೆಲವು ತಳಿಗಳು ಬೇಗ ಸೀಳುತ್ತವೆ, ಕೆಲವು ತಡೆದುಕೊಳ್ಳುತ್ತವೆ.

2000ದ ಸುಮಾರಿಗೆ ಅಮೆರಿಕದ ಅರ್ಕನ್ಸಾ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಇನ್ನೊಂದು ಪದರ ಸೇರಿಸಿದರು. ಬೆಲ್ಲದ ಪಾಕ ಬಿಸಿಯಿದ್ದಾಗ ಬಾಗುತ್ತದೆ, ಆರಿದಾಗ ಚಟ್ಟನೆ ಮುರಿಯುತ್ತದೆ. ಕಾಳಿನ ಪಿಷ್ಟವೂ ಹೀಗೆಯೇ, ಬಿಸಿ ಮತ್ತು ತೇವ ಇದ್ದಾಗ ರಬ್ಬರಿನಂತೆ, ಎರಡೂ ಇಳಿದಾಗ ಗಾಜಿನಂತೆ. ಮೈ ಗಾಜಾಗಿ ನಡು ರಬ್ಬರಾಗಿ ಉಳಿದ ಕಾಳಿನಲ್ಲಿ ಸೆಳೆತ ಹೆಚ್ಚು. ಒಣಗಿಸಿದ ಭತ್ತವನ್ನು ತಕ್ಷಣ ತಣಿಸದೆ ಬಿಸಿಯಲ್ಲೇ ರಾಶಿಯಾಗಿ ಬಿಟ್ಟರೆ ಒಳಗಿನ ನೀರು ಸಮವಾದ ಮೇಲೆ ಇಡೀ ಕಾಳು ಒಟ್ಟಿಗೆ ಗಟ್ಟಿಯಾಗುತ್ತದೆ.

ಈ ತಿಳಿವಳಿಕೆ ಬೆಳೆಯುತ್ತಿದ್ದ ಕಾಲಕ್ಕೆ ಕರ್ನಾಟಕದ ಭತ್ತದ ನಕ್ಷೆಯೂ ಬದಲಾಗುತ್ತಿತ್ತು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರಿನ ಜೋಳದ ನೆಲಗಳು ಭತ್ತದ ಗದ್ದೆಗಳಾದವು. ಇಲ್ಲಿನ ಗಿರಣಿಗಳು ಸಣ್ಣ ಕಾಳಿನ ಬಿಳಿಯಕ್ಕಿಗೆ ಹೆಸರಾದವು. ಬಾಪಟ್ಲದಿಂದ 1986ರಲ್ಲಿ ಬಿಡುಗಡೆಯಾದ ಬಿಪಿಟಿ 5204 ತಳಿ ಈ ಬಯಲನ್ನು ವ್ಯಾಪಿಸಿತು. ಹಲ್ಲರ್ ಜಾಗಕ್ಕೆ ರಬ್ಬರ್ ಉರುಳೆಗಳು ಬಂದವು. ಎದುರುಬದುರು ದಿಕ್ಕಿಗೆ, ಬೇರೆಬೇರೆ ವೇಗದಲ್ಲಿ ತಿರುಗುವ ಎರಡು ಉರುಳೆಗಳ ನಡುವೆ ಸಿಪ್ಪೆ ನಯವಾಗಿ ಕಳಚುತ್ತದೆ. ಸೀಳಿದ ಕಾಳು ಕೂಡ ಇದನ್ನು ಇಡಿಯಾಗಿ ದಾಟೀತು, ಆದರೆ ಮುಂದಿನ ಪಾಲಿಶ್ ಯಂತ್ರದಲ್ಲಿ ಎರಡಾಗುತ್ತದೆ. ಯಂತ್ರ ನಯವಾದಷ್ಟೂ ಭತ್ತದ ಹಿಂದಿನ ಕತೆ ನುಚ್ಚಿನ ಲೆಕ್ಕದಲ್ಲಿ ಹೆಚ್ಚು ಸ್ಪಷ್ಟವಾಗಿ ಓದಸಿಗುತ್ತದೆ.

ಕೊಯ್ಲಿನ ಯಂತ್ರ ಇನ್ನೊಂದು ತಿರುವು. ಕೈಕೊಯ್ಲಿನಲ್ಲಿ ಅರಿ, ಹೊರೆ, ಮೆದೆ, ಕಣ ಎಂದು ವಾರಗಳ ಕಾಲ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದ ನೀರಿಗೆ ಈಗ ಇಳಿಯಲು ಹೊತ್ತೇ ಇಲ್ಲ. ಬೆಳಿಗ್ಗೆ ಗದ್ದೆಯಲ್ಲಿ ನಿಂತಿದ್ದ ಪೈರು ಮಧ್ಯಾಹ್ನಕ್ಕೆ ಟ್ರ್ಯಾಕ್ಟರಿನಲ್ಲಿ ಹಸಿ ಭತ್ತವಾಗಿರುತ್ತದೆ. ಒಂದು ಲೆಕ್ಕದಲ್ಲಿ ಇದು ಒಳ್ಳೆಯದೇ, ಇಬ್ಬನಿಯ ರಾತ್ರಿಗಳು ತಪ್ಪಿದವು. ಆದರೆ ಶೇ. 20 ಮೀರಿದ ತೇವದ ರಾಶಿ ಒಂದೆರಡು ದಿನದಲ್ಲೇ ಬಿಸಿಯೇರುತ್ತದೆ. ಕಣಗಳು ಅಳಿದುಹೋದ ಊರುಗಳಲ್ಲಿ ಉಳಿದ ಜಾಗ ಡಾಂಬರು ರಸ್ತೆ. ಹೆದ್ದಾರಿಯ ಅಂಚಿನಲ್ಲಿ ಕಪ್ಪು ಡಾಂಬರಿನ ಮೇಲೆ ತೆಳುವಾಗಿ ಹರವಿದ ಭತ್ತಕ್ಕೆ ಮೇಲಿನಿಂದಲೂ ಕೆಳಗಿನಿಂದಲೂ ಕಾವು. ಮಧ್ಯಾಹ್ನದ ಆ ಒಣಗಿಕೆ, ರಾತ್ರಿಯ ತಂಪು, ಮರುದಿನದ ಕಾವು, ಪ್ರಯೋಗಶಾಲೆಗಳು ಬೇಡವೆಂದ ಎಲ್ಲವೂ ಅಲ್ಲಿ ಒಟ್ಟಿಗೆ ಸೇರುತ್ತವೆ. ಬೇರೆ ಜಾಗವಿಲ್ಲದ ರೈತನ ತಪ್ಪು ಇದರಲ್ಲಿ ಏನೂ ಇಲ್ಲ.

ಮಾರಾಟದ ಲೆಕ್ಕವೂ ರೈತನನ್ನು ಎರಡು ಕಡೆಗೆ ಎಳೆಯುತ್ತದೆ. 1965ರಲ್ಲಿ ಕೆಲಸ ಆರಂಭಿಸಿದ ಭಾರತ ಆಹಾರ ನಿಗಮದ ಖರೀದಿಯೊಂದಿಗೆ ತೇವ ಸರ್ಕಾರಿ ಅಂಕಿಯಾಯಿತು, ಭತ್ತದಲ್ಲಿ ಶೇ. 17ಕ್ಕಿಂತ ಹೆಚ್ಚಿದ್ದರೆ ಖರೀದಿ ಇಲ್ಲ. ಶೇ. 22 ತೇವದ ಒಂದು ಕ್ವಿಂಟಲ್ ಭತ್ತವನ್ನು ಶೇ. 14ಕ್ಕೆ ಒಣಗಿಸಿದರೆ ತೂಕ ಸುಮಾರು 91 ಕಿಲೋಗೆ ಇಳಿಯುತ್ತದೆ. ಒಣಗಿಸುವ ಕೂಲಿ, ಜಾಗ, ಮಳೆಯ ಭಯ ಸೇರಿಸಿದರೆ ಹಸಿಯಾಗಿಯೇ ಕಡಿಮೆ ಬೆಲೆಗೆ ಕೊಟ್ಟುಬಿಡುವುದು ಎಷ್ಟೋ ಸಲ ಸರಿ ಅನ್ನಿಸುತ್ತದೆ. ಒಣಗಿಸುವ ಹೊಣೆ ಹೀಗೆ ಅಂಗಳದಿಂದ ಗಿರಣಿಯ ಡ್ರೈಯರುಗಳಿಗೆ ಸರಿಯುತ್ತಿದೆ.

ಗಿರಣಿಗಳು ಹಿಡಿದ ಮತ್ತೊಂದು ದಾರಿ ಅಂಗಡಿಯ ಚೀಲದ ಮೇಲೆ ‘ಸ್ಟೀಮ್ ರೈಸ್’ ಎಂದು ಕಾಣುತ್ತದೆ. ಕುಚ್ಚಲಕ್ಕಿಯಷ್ಟು ನೆನೆಸದೆ, ಬೇಯಿಸದೆ ಭತ್ತಕ್ಕೆ ಸ್ವಲ್ಪ ಹೊತ್ತು ಆವಿ ತೋರಿಸುವುದು ಇದರ ಕ್ರಮ. ಸಣ್ಣ ಬಿರುಕುಗಳು ಬೆಸೆಯುತ್ತವೆ, ನುಚ್ಚು ಇಳಿಯುತ್ತದೆ, ಹೊಸ ಅಕ್ಕಿಯ ಅಂಟುತನ ತಗ್ಗಿ ಅನ್ನ ಹಳೆ ಅಕ್ಕಿಯಂತೆ ಉದುರುತ್ತದೆ, ಬಣ್ಣ ಮಾತ್ರ ಬಹುಪಾಲು ಬಿಳಿಯಾಗಿಯೇ ಉಳಿಯುತ್ತದೆ. ಬಿಳಿಯಕ್ಕಿಯನ್ನೇ ಬಯಸುವ ಬಯಲುಸೀಮೆಯ ತಟ್ಟೆಗೆ ಕರಾವಳಿಯ ಹಂಡೆಯ ಉಪಾಯ ಹೀಗೆ ತೆಳುವಾಗಿ ಬಂದು ಸೇರಿದೆ.

ಖರೀದಿ ಕೇಂದ್ರಗಳಲ್ಲಿ ಈಗ ತೇವ ಮಾಪಕ ಮೇಜಿನ ಮೇಲಿರುತ್ತದೆ. ಹಿಡಿ ಭತ್ತ ಹಾಕಿದರೆ ಗಳಿಗೆಯಲ್ಲಿ ಅಂಕಿ ತೋರಿಸುತ್ತದೆ. ಆದರೆ ಆ ಅಂಕಿ ಈ ಹೊತ್ತಿನ ತೇವದ್ದು. ಶೇ. 14ಕ್ಕೆ ನೆರಳಲ್ಲಿ ನಿಧಾನವಾಗಿ ಇಳಿದ ಭತ್ತವನ್ನೂ, ಶೇ. 11ಕ್ಕೆ ಒಣಗಿ ಮಳೆಗೆ ನೆನೆದು ಮತ್ತೆ ಶೇ. 14ಕ್ಕೆ ಬಂದ ಭತ್ತವನ್ನೂ ಅದು ಒಂದೇ ಎಂದು ಓದುತ್ತದೆ. ಇವೆರಡನ್ನು ಬೇರೆ ಮಾಡಬೇಕಾದರೆ ಕೆಲವು ಕಾಳುಗಳ ಸಿಪ್ಪೆಯನ್ನು ಕೈಯಲ್ಲಿ ಸುಲಿದು ಬೆಳಕಿಗೆ ಹಿಡಿಯಬೇಕು. ಗಟ್ಟಿ ಕಾಳಿನಲ್ಲಿ ಬೆಳಕು ಒಂದೇ ಸಮನೆ ಹಾಯುತ್ತದೆ, ಸೀಳಿದ್ದರಲ್ಲಿ ನಡುವೆ ಕೂದಲೆಳೆಯಂಥ ಅಡ್ಡಗೆರೆ ಕಾಣುತ್ತದೆ.